ಚರಣ ನಿನ್ನದು

ರಾಬರ್ಟ್‌ಸನ್‌ಪೇಟೆ, ಕೆ.ಜಿ.ಎಫ್.
೧೪ ನವೆಂಬರ್ ೨೦೨೪, ಗುರುವಾರ

ಪ್ರೀತಿಯ ಚಲಪತೀ,

ಹೇಗಿದ್ದೀಯ? ಕೆಮ್ಮು ಕಮ್ಮಿಯಾಯಿತಾ? ಕೆರೆ ಏರಿಯ ಮೇಲೆ ತಲೆಗೆ ಏನೂ ಸುತ್ತಿಕೊಳ್ಳದೆ ಕೂರಬೇಡ, ಈಗ ಬೀಸುವ ಗಾಳಿ ಒಳ್ಳೆಯದಲ್ಲ. ನೀನು ಫೋನ್ ಎತ್ತದಿದ್ದರೇನು, ನಿನ್ನ ಅಕ್ಕ ಎತ್ತುತ್ತಾರೆ. "ಉಣ್ತಾನೆ, ಏರಿ ಮ್ಯಾಲೆ ಓಗಿ ಕೂತ್ಕಂತಾನೆ, ಬತ್ತಾನೆ, ಮನಿಕ್ಕಂತಾನೆ. ಬಾಯಿ ಮಾತ್ರ ಬಿಡಕಿಲ್ಲ ಕಣಮ್ಮಾ" ಎಂದು ಮುನಿಶಾಮಮ್ಮಕ್ಕ ನಿನ್ನೆ ವರದಿ ಒಪ್ಪಿಸಿದರು. ಉಣ್ಣುತ್ತೀಯಲ್ಲ, ಸದ್ಯ. ನಾನೂ ಚೆನ್ನಾಗಿದ್ದೇನೆ ಎಂದು ಬರೆಯಬೇಕು, ಬರೆದಿದ್ದೇನೆ. ನಿಜ ಹೇಳಬೇಕೆಂದರೆ ಮನೆ ಬಿಕೋ ಎನ್ನುತ್ತಿದೆ. ನಿಮ್ಮೂರು ಬೇತಮಂಗಲದ ಕೆರೆಯ ನೀರಾದರೂ ಆಗಾಗ ನಮ್ಮ ನಲ್ಲಿಗೆ ಬಂದು ಮುಖ ತೋರಿಸಿ ಹೋಗುತ್ತದೆ. ನೀನು ಮಾತ್ರ ಅತ್ತ ಹೋದವನು ಇತ್ತ ತಲೆ ಹಾಕಲಿಲ್ಲ. ಕೈ ಅಭ್ಯಾಸಕ್ಕೆ ಇಬ್ಬರಿಗೂ ಅನ್ನ ಬೇಯಿಸಿ, ಮಾರನೆಯ ದಿನ ಅದನ್ನೇ ಚಿತ್ರಾನ್ನ ಮಾಡಿಕೊಂಡು ತಿನ್ನುತ್ತಿದ್ದೇನೆ. ಚಿತ್ರಾನ್ನ ಕಂಡರೆ ಸಿಟ್ಟು ಬರುವಷ್ಟಾಗಿದೆ.

ರವಿಕಿರಣನ ಮೇಲೆ ನಿನಗಿರುವ ಮುನಿಸನ್ನು ಬಿಟ್ಟುಬಿಡು. ಮನೆಯಲ್ಲೇ ಹಾಡಿಕೊಂಡ ನಮ್ಮ ಹಾಡುಗಳನ್ನು ಮಿಕ್ಸಿಂಗಿಗೆಂದು ಬಂಗಾರಪೇಟೆಯ ಅವನ ಸ್ಟುಡಿಯೋಗೆ ಕೊಂಡುಹೋದವರು ನಾವು. ಎಲ್ಲವನ್ನೂ ಕಣ್ಣು ಮುಚ್ಚಿ ಕೇಳಿದ, ಟ್ಯೂನ್ ಸೂಪರ್ ಎಂದ, ಆಮೇಲೆ ಕೇಳಿದ: "ಅಣ್ಣಾ, ಫೈನಲ್ ಯಾರ ಕೈಲಿ ಹಾಡಿಸ್ತೀರ?" ಅದರಲ್ಲಿ ಕುಹಕವಿರಲಿಲ್ಲ. ನಾವೇ ಬರೆದು ನಾವೇ ಹಾಡಿದ ಮೊಟ್ಟಮೊದಲ ಆಲ್ಬಂ ಅವನ ಕಿವಿಗೆ ಬೇರೆ ಯಾರಿಗೋ ಹಾಡಿಟ್ಟ ಟ್ರ್ಯಾಕ್‌ನಂತೆ ಕೇಳಿಸಿತ್ತು, ಅಷ್ಟೆ. ನೀನು ಹೆಡ್‌ಫೋನ್ ತೆಗೆದಿಟ್ಟು, ನೀರು ಕುಡಿದು ಬರುತ್ತೇನೆಂದು ಕೆಳಗಿಳಿದವನು ಸೀದಾ ಬೇತಮಂಗಲದ ಬಸ್ಸು ಹತ್ತಿದೆ. ನಾನು ಮೆಟ್ಟಿಲ ಮೇಲೆ ಕೂತು ಕಾದೆ. ನನ್ನ ರೈಲೂ ತಪ್ಪಿತು.

ನನಗೆ ಸಿಟ್ಟು ಬರಲಿಲ್ಲವೆಂದುಕೊಂಡೆಯಾ? ಬಂತು. ನಿನ್ನ ಮೇಲೂ ಬಂತು. ಆದರೆ ಮನೆಗೆ ಬಂದು ಮತ್ತೆ ಕೇಳಿದಾಗ ಅವನು ಹೇಳಿದ್ದು ಸರಿ ಅನ್ನಿಸಿತು. ಮಾತು ನನ್ನದು, ರಾಗ ನಿನ್ನದು ಎಂದು ಇಷ್ಟು ವರ್ಷ ಬೇರೆಯವರಿಗೆ ಹಾಡು ಕಟ್ಟಿಕೊಟ್ಟೆವು. ದೊಡ್ಡ ಗಾಯಕರು ಕೇಳಿ ಕಲಿಯಲೆಂದು ಮೊದಲು ನಾವು ಟ್ರ್ಯಾಕ್ ಹಾಡಿಡುವುದು, ಅವರು ಹಾಡಿದ ಮೇಲೆ ನಮ್ಮದನ್ನು ಅಳಿಸುವುದು. ಅದರಲ್ಲಿ ಭಾವ ತುಂಬಿದರೆ ನೀನು ಗದರುತ್ತಿದ್ದೆ: "ಗೆರೆ ನೆಟ್ಟಗೆ ಎಳ್ದಿಟ್ರೆ ಸಾಕು ಕಣೇ, ಬಣ್ಣ ಅವ್ರು ಆಕ್ಕಂತಾರೆ." ನಿಮ್ಮೂರಿನ ಮದುವೆ ಮನೆಯಲ್ಲಿ ನಮ್ಮ ಹಾಡು ಮೊಳಗಿದಾಗ ಅಕ್ಕ, "ನಿನ್ ದನಿ ಎಲ್ಲೋ?" ಎಂದು ಕೇಳಿದ್ದರು. "ನಂದು ಅಳಿಸಿಬಿಟ್ಟವ್ರಕ್ಕಾ" ಎಂದು ನಕ್ಕೆ ನೀನು. ನನಗೆ ಆವತ್ತು ಊಟ ಸೇರಲಿಲ್ಲ.

ಈ ಆಲ್ಬಂಗೆ 'ಸೋಲ್' ಹಾಡುಗಳನ್ನೇ, ಆತ್ಮ ಬಿಚ್ಚಿ ಹಾಡುವಂಥವನ್ನೇ ಮಾಡೋಣ ಎಂದವನೂ ನೀನೇ ಅಲ್ಲವೇ? ನಮ್ಮ ಬೀದಿಯ ಆಂಗ್ಲೋ ಇಂಡಿಯನ್ ಅಜ್ಜಿಯ ರೆಕಾರ್ಡುಗಳನ್ನು ಕೇಳಿ ನೀನು ಹುಚ್ಚಾಗಿದ್ದೆ. ಅಮೆರಿಕದ ಕಪ್ಪು ಜನರ ಆ ಹಾಡುಗಳಲ್ಲಿ ಗಂಟಲು ಒಡೆದರೆ ತಪ್ಪಲ್ಲ, ಒಡೆಯದಿದ್ದರೇ ತಪ್ಪು ಎಂದು ನನಗೆ ತಿಳಿಸಿ ಹೇಳಿದ್ದೆ. ಅಷ್ಟು ತಿಳಿದ ನೀನು, ಅಷ್ಟು ಕೇಳಿಸಿಕೊಂಡ ನಾನು, ಇಬ್ಬರೂ ಮೈಕಿನ ಮುಂದೆ ನಿಂತು ಹಳೆಯ ಚಾಳಿಯಲ್ಲಿ ಗೆರೆ ಎಳೆದು ಬಂದೆವು. ಯಾರೋ ಬಂದು ಬಣ್ಣ ಹಾಕುತ್ತಾರೆಂದು ಕಾಯುವವರ ಹಾಗೆ. ಯಾರು ಬರಬೇಕಿತ್ತು, ಹೇಳು.

ಮಂಗಳವಾರ ಒಬ್ಬಳೇ ನಮ್ಮ ಕೋರಮಂಡಲ್ ಸ್ಟೇಷನ್ನಿನಲ್ಲಿ ಬಂಗಾರಪೇಟೆಯ ರೈಲು ಹತ್ತಿದೆ. ನಾವು ಹಾಡು ಕಟ್ಟುತ್ತಿದ್ದ ಅದೇ ಕಿಟಕಿಯ ಸೀಟು ಸಿಕ್ಕಿತು. ತಾಳ ಹಾಕಲು ನೀನಿಲ್ಲದೆ ಟಿಫನ್ ಡಬ್ಬಿ ತೊಡೆಯ ಮೇಲೆ ಸುಮ್ಮನೆ ಕೂತಿತ್ತು. ಎಲ್ಲ ಹಾಡುಗಳಲ್ಲೂ ಪಲ್ಲವಿ ನನ್ನದು, ಚರಣ ನಿನ್ನದು ಎಂದು ಮಾತಾಗಿತ್ತಲ್ಲ, ನನ್ನ ಪಲ್ಲವಿಗಳನ್ನು ಸ್ಟುಡಿಯೋದಲ್ಲಿ ಮತ್ತೆ ಹಾಡಿದೆ. ಕೊನೆಯ ಹಾಡಿನಲ್ಲಿ ನಿನ್ನ ನೆನಪಾಗಿ ದನಿ ಒಡೆಯಿತು, ನಿಲ್ಲಿಸಿಬಿಟ್ಟೆ. ಗಾಜಿನಾಚೆಯಿಂದ ರವಿಕಿರಣ, "ಅಕ್ಕಾ, ಇದೇ ಇರ್ಲಿ, ಮುಟ್ಬೇಡಿ" ಎಂದ. ಅವನ ಕಣ್ಣೂ ಒದ್ದೆಯಾಗಿತ್ತು. ಈಗ ಉಳಿದಿರುವುದು ನಿನ್ನ ಚರಣಗಳು. ಶನಿವಾರ ಅವನು ಕೆಲಸ ಮುಗಿಸಬೇಕು. ನೀನು ಬರದಿದ್ದರೆ ಬೆಂಗಳೂರಿನಿಂದ ಒಬ್ಬ ಗಾಯಕರನ್ನು ಕರೆಸುತ್ತೇನೆ ಎನ್ನುತ್ತಾನೆ. ತುಂಬ ಚೆನ್ನಾಗಿ ಹಾಡುತ್ತಾರಂತೆ. ಹಾಡುತ್ತಾರೆ, ಅನುಮಾನವಿಲ್ಲ. ನಮ್ಮ ಹಾಡುಗಳನ್ನು ಎಲ್ಲರೂ ಚೆನ್ನಾಗಿಯೇ ಹಾಡಿದ್ದಾರೆ. ನನಗೆ ಬೇಕಿರುವುದು ಚೆನ್ನಾಗಿ ಹಾಡುವವರಲ್ಲ ಚಲಪತೀ, ನೀನು.

ಬೇತಮಂಗಲದ ಬಸ್ಸು ಹೊರಡುವ ಹೊತ್ತಾಯಿತು, ಕಂಡಕ್ಟರ್ ಕೈಗೆ ಈ ಕಾಗದ ಕೊಡಬೇಕು. ಅಕ್ಕನಿಗೆ ನನ್ನ ನಮಸ್ಕಾರ ಹೇಳು, ಅವರು ಕೇಳಿದ ಸೂಜಿಮೆಣಸಿನ ಉಪ್ಪಿನಕಾಯಿ ಎತ್ತಿಟ್ಟಿದ್ದೇನೆ. ರಾತ್ರಿ ಬಿಸಿನೀರು ಕುಡಿ. ನಿನ್ನ ಗಂಟಲಿಗೆ ಮಾರಿಯಮ್ಮನ ಕಾವಲಿರಲಿ.

ನಿನ್ನ
ಇಂದ್ರಾಣಿ

ಮರೆಯುವ ಮುಂಚೆ: ರವಿಕಿರಣನಿಗೆ ಬೇಡ ಅಂದುಬಿಟ್ಟೆ. ಬೆಂಗಳೂರಿನವರು ಬರುವುದಿಲ್ಲ. ನಿನ್ನ ಶ್ರುತಿಗೆ ಗಂಟಲು ಇಳಿಸಿಕೊಂಡು, ನಿನ್ನ ಚರಣಗಳಿಗೆಲ್ಲ ನಾನೇ ಟ್ರ್ಯಾಕ್ ಹಾಡಿಟ್ಟು ಬಂದಿದ್ದೇನೆ. ಬರೀ ಗೆರೆ ಎಳೆಯಲು ನೋಡಿದೆ, ಆಗಲಿಲ್ಲ, ಬಣ್ಣ ಚೆಲ್ಲಿಹೋಗಿದೆ. ಶನಿವಾರ ಬಂದು ನೀನೇ ಹಾಡಿ ನನ್ನದನ್ನು ಅಳಿಸು.