ಕಾಡಿಗೆ ಒಯ್ಯಲಾಗದ ಬಂದೂಕು

ಅಪ್ಪಾ,

ನೀನು ಇದನ್ನು ಓದುವುದಿಲ್ಲ. ನಿನಗೆ ಮಣ್ಣು ಹಾಕಿದವರಲ್ಲಿ ನಾನೂ ಒಬ್ಬಳು. ಆದರೂ ಇವತ್ತಿನ ಸುದ್ದಿ ನಿನಗೇ ಹೇಳಬೇಕು.

ಅಷ್ಟು ವರ್ಷ ಆ ಬಂದೂಕಿನ ಕ್ಲಬ್ಬಿನಲ್ಲಿ ಕೂತು, ದೂರದ ಗುರಿಕಾಗದಕ್ಕೆ ಗುಂಡು ಹೊಡೆಯುತ್ತ ನೀನು ಏನು ಕಾಣುತ್ತಿದ್ದೆ ಎಂದು ನೋಡುವ ಮನಸ್ಸಾಯಿತು. ನನ್ನ ಮೊದಲ ಬಂದೂಕು ಆರಿಸಲು ಹಾರ್ಲನ್ ಮಾಮನ ಬಂದೂಕಿನಂಗಡಿಗೆ ಹೋದೆ. ಹಗುರವಾದುದೊಂದನ್ನು ಕೈಗೆತ್ತಿಕೊಂಡೆ.

"ಅದು ಬೇಡ ಕಣವ್ವ. ಕ್ಲಬ್ಬಲ್ಲಿ ಬೆಂಚಿನ ಮೇಲೆ ಮರಳುಚೀಲಕ್ಕೆ ಒರಗಿಸಿ ಹೊಡೆಯೋದು. ಹಗುರದ್ದು ಗುಂಡು ಹಾರಿದ ಕೂಡಲೇ ಮೇಕೆಮರಿ ಥರ ನೆಗೆಯುತ್ತೆ," ಎಂದು ನಕ್ಕು, ದಪ್ಪ ನಳಿಗೆಯದೊಂದನ್ನು ತೋರಿಸಿದ.

"ಇದೇನು ಮಾಮ, ಬಂದೂಕೋ ರೈಲುಕಂಬಿಯೋ?"

"ನಿಮ್ಮಪ್ಪನೂ ಇಂಥದ್ದೇ ಮಾಡಿಸ್ಕೊಂಡ. ಹಗುರದ್ದು ತಗೊಳ್ಳೋ, ಜಿಂಕೆ ಬೇಟೆಗೂ ಆಗುತ್ತೆ ಅಂದುಬಿಟ್ಟೆ. ನನ್ನ ಬಾಯಿಗೆ ಬುದ್ಧಿ ಎಲ್ಲಿದೆ! ಅವನು ಅಂದ, ‘ಹೊತ್ಕೊಂಡು ಕಾಡಿಗೆ ಹೋಗೋಕೆ ಯಾರ ಕೈಲೂ ಆಗಬಾರದು, ಅಂಥದ್ದು ಕೊಡು.’"

ಪೊದೆಯ ಹಿಂದಿದ್ದ ನನ್ನ ತಮ್ಮ ವೇಡ್‌ನನ್ನು ಜಿಂಕೆಯೆಂದುಕೊಂಡು ನೀನು ಹೊಡೆದು ಕೊಂದ ಮರುವರ್ಷ ಅದು. ನೀನು ಮತ್ತೆ ಬಂದೂಕು ಕೊಂಡೆಯೆಂದು ತಿಳಿದ ದಿನವೇ ನಾನು ಮನೆ ಬಿಟ್ಟೆ. ಆಮೇಲೆ ನಾನು ಫೋನ್ ಮಾಡಿದಾಗೆಲ್ಲ, ನೀನು ಎತ್ತಿ "ಇರು, ಅಮ್ಮನಿಗೆ ಕೊಡ್ತೀನಿ" ಎನ್ನುತ್ತಿದ್ದೆ. ನಾನು "ಹೂಂ" ಎನ್ನುತ್ತಿದ್ದೆ.

ಇವತ್ತು ನಾನೂ ಆ ಭಾರದ್ದನ್ನೇ ಕೊಂಡೆ. ಕಾರಿನವರೆಗೆ ಒಯ್ಯಲು ಇನ್ನೊಂದು ತುದಿಯನ್ನು ಮಾಮ ಹಿಡಿಯಬೇಕಾಯಿತು.

"ನಿಮ್ಮಪ್ಪನಿಗೂ ಕೈಜೋಡಿಸೋಕೆ ಹೋಗಿದ್ದೆ," ಎಂದ. "ಬೇಡ ಅಂದ. ಎರಡು ಸಲ ಕೆಳಗಿಟ್ಟು, ಒಬ್ಬನೇ ಹೊತ್ಕೊಂಡು ಹೋದ."