ಒಂದೂಕಾಲು ಅಂಗುಲ ಮರ

ಜನವರಿ ೧೮, ಭಾನುವಾರ

ಪ್ರೀತಿಯ ತಂಗಿಗೆ,

ನಿನ್ನ ಅಣ್ಣನ ಆಶೀರ್ವಾದಗಳು. ನಾವಿಲ್ಲಿ ಕ್ಷೇಮ. ನೀನೂ ನಿನ್ನ ಮನೆಯವರೂ ಚೆನ್ನಾಗಿದ್ದೀರೆಂದು ತಿಳಿದಿದ್ದೇನೆ. ನಿನ್ನ ಎರಡು ಕಾಗದಗಳೂ ತಲುಪಿದವು. ಮೂರು ತಿಂಗಳಿಂದ ಉತ್ತರ ಬರೆಯಲಿಲ್ಲ, ಕ್ಷಮಿಸು. ಬಿಡುವಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬೇಕಾದಷ್ಟು ಬಿಡುವಿತ್ತು. ಅಪ್ಪ ಹೋದ ಮೇಲೆ ನನಗೆ ಅಳು ಬರಲಿಲ್ಲ, ಬೇರೇನೂ ಬರಲಿಲ್ಲ. ಹಲ್ಲು ಕೀಳುವ ಮುಂಚೆ ಡಾಕ್ಟರು ಸೂಜಿ ಚುಚ್ಚಿದಾಗ ದವಡೆ ಹೇಗಿರುತ್ತದೋ ಹಾಗಿದ್ದೇನೆ. ಮುಟ್ಟಿದರೆ ನನ್ನದೇ ಎಂದು ಗೊತ್ತಾಗುತ್ತದೆ, ಅಷ್ಟೆ.

ಅಪ್ಪನ ಕಾರ್ಯ ಮುಗಿಸಿಕೊಂಡು ಬಸ್ಸು ಹತ್ತುವಾಗ ನೀನೊಂದು ಮಾತು ಕೇಳಿದೆ. “ಅಣ್ಣಾ, ಅಪ್ಪ ನನ್ನನ್ನ ಬಂದೂಕು ಪಂದ್ಯದ ಮೈದಾನಕ್ಕೆ ಬರಬೇಡ ಅಂದಿದ್ದು ಯಾಕೆ? ಕೊನೆಗಾದ್ರೂ ನಿಂಗೆ ಹೇಳಿದ್ರಾ?” ನಾನು ಇಲ್ಲವೆಂದೆ. ಬಸ್ಸು ಹೊರಟುಹೋಯಿತು. ಈ ಕಾಗದ ಅದಕ್ಕೆ ಉತ್ತರ. ಸ್ವಲ್ಪ ಸುತ್ತಿ ಬಳಸಿ ಬರುತ್ತದೆ. ನನ್ನ ಸ್ವಭಾವ ನಿನಗೆ ಗೊತ್ತೇ ಇದೆ.

ಇದನ್ನು ಮೊದಲು ಹೇಳಿದವರು ಬಂದೂಕಿಗೆ ಮರ ಕೂರಿಸುವ ನಮ್ಮ ಮುದುಕರು, ನಿನ್ನೆ ಶನಿವಾರ, ಮಧ್ಯಾಹ್ನದ ಊಟದ ಮೇಲೆ. ಕೇಳಿದವರು ಇಬ್ಬರೇ, ನಾನು ಮತ್ತು ನಿನ್ನ ಅತ್ತಿಗೆ.

ನಾವು ಅಲ್ಲಿಗೆ ಹೋದ ಕಾರಣ ಹೇಳುತ್ತೇನೆ ಕೇಳು. ಈ ಸಲದ ಚಳಿಗಾಲದ ಪಂದ್ಯವನ್ನು ಅಪ್ಪನ ನೆನಪಿಗೆ ನಡೆಸುವುದೆಂದು ಕ್ಲಬ್ಬಿನವರು ತೀರ್ಮಾನಿಸಿದ್ದಾರೆ. ಮಗನಾದ ನಾನು ಅಪ್ಪನ ಬಂದೂಕಿನಲ್ಲೇ ಮೊದಲ ಸುತ್ತು ಹೊಡೆಯಬೇಕಂತೆ. ಹದಿನೈದು ವರ್ಷ ಬಂದೂಕು ಮುಟ್ಟದವನು ನಾನು. ಆದರೂ ಒಪ್ಪಿಕೊಂಡೆ. ಪರವಾನಗಿ ನನ್ನ ಹೆಸರಿಗೆ ಆಗಿ ಇಪ್ಪತ್ತು ದಿನವಾಯಿತು. ಹೋದ ವಾರ ಅಭ್ಯಾಸಕ್ಕೆ ನಿಂತೆ. ಯಂತ್ರ ಇಪ್ಪತ್ತೈದು ಮಣ್ಣಿನ ಬಿಲ್ಲೆ ಹಾರಿಸಿತು, ನಾನು ಒಡೆದದ್ದು ಆರು. ಉಳಿದವು ಆ ಕಡೆಯ ಹುಲ್ಲಿನ ಮೇಲೆ ಹಾಗೆಯೇ ಹೋಗಿ ಕೂತವು. ಪ್ರತಿ ಸಲ ಬಂದೂಕು ಒದ್ದಾಗಲೂ ಬಲಗೈ ಹೆಬ್ಬೆರಳಿನ ಗೆಣ್ಣು ಬಂದು ತುಟಿಗೆ ಬಡಿಯುತ್ತಿತ್ತು. ಮನೆಗೆ ಬಂದಾಗ ತುಟಿ ಊದಿತ್ತು. “ಬಂದೂಕು ನಿಮಗೆ ಆಗಿಬರ್ತಿಲ್ಲ. ಅಂಗಿ ಆದ್ರೆ ದರ್ಜಿ ಹತ್ರ ಹೋಗ್ತೀರಲ್ಲ, ಇದಕ್ಕೂ ಯಾರಾದ್ರೂ ಇರಬೇಕು” ಎಂದಳು ನಿನ್ನ ಅತ್ತಿಗೆ. ನನ್ನೊಬ್ಬನನ್ನೇ ಕಳಿಸಿದರೆ ದಾರಿಯಲ್ಲೆಲ್ಲೋ ಕೂತು ಹರಟುತ್ತೇನೆಂದು ತಾನೂ ಹೊರಟಳು.

ಮುದುಕರ ತಗಡಿನ ಶೆಡ್ಡು ಮೈದಾನದ ಬೇಲಿಗೆ ಅಂಟಿಕೊಂಡು ಈಗಲೂ ಹಾಗೇ ಇದೆ. ಒಳಗೆ ಮರದ ಹೊಟ್ಟು, ಅಗಸೆ ಎಣ್ಣೆಯ ವಾಸನೆ, ಗೋಡೆಯುದ್ದಕ್ಕೂ ಅರಗಳು. ಬಂದೂಕಿನ ಪೆಟ್ಟಿಗೆ ನೋಡಿದ ಕೂಡಲೇ ಯಾರದೆಂದು ಗುರುತಿಸಿದರು. ನನ್ನನ್ನು ಗುರುತಿಸಲು ಸ್ವಲ್ಪ ಹೊತ್ತು ಬೇಕಾಯಿತು.

“ಮೊಣಕೈ ಮಡಚಿ ಬಂದೂಕಿನ ಉದ್ದ ಅಳೆದು ನೋಡ್ದೆ, ಸರಿಯಾಗೇ ಇದೆ” ಎಂದು ನನ್ನ ಪಾಂಡಿತ್ಯ ತೋರಿಸಿದೆ.

“ಅದು ಮಾರೋರ ಅಳತೆ ತಮ್ಮಾ. ಮೊಣಕೈಯಿಂದ ಯಾರಾದ್ರೂ ಹೊಡೀತಾರಾ? ನಿನ್ನ ಕತ್ತು ಎಷ್ಟುದ್ದ, ಕೆನ್ನೆ ಎಷ್ಟು ದಪ್ಪ, ಎದೆ ಎಷ್ಟಗಲ, ಅದೆಲ್ಲ ನೋಡ್ಬೇಕು. ನಿಂತ್ಕೋ. ಕಣ್ಣು ಮುಚ್ಚು. ಬಂದೂಕು ಎತ್ತಿ ಕೆನ್ನೆಗೆ ತಾ. ಹಾಂ. ಅಲ್ಲಾಡಬೇಡ. ಈಗ ಕಣ್ಣು ಬಿಡು. ಏನು ಕಾಣ್ತದೆ?”

“ನನ್ನ ಹೆಬ್ಬೆರಳು.”

“ಮನೇಲೂ ಇವರಿಗೆ ಅಷ್ಟೇ ಕಾಣೋದು” ಎಂದಳು ನಿನ್ನ ಅತ್ತಿಗೆ. ಮುದುಕರು ಬೊಚ್ಚು ಬಾಯಲ್ಲಿ ನಕ್ಕರು.

ಆಮೇಲೆ ಹೊರಗೆ ಕರೆದುಕೊಂಡು ಹೋದರು. ಸುಣ್ಣ ಬಳಿದ ಕಬ್ಬಿಣದ ಹಲಗೆಯ ನಡುವೆ ಒಂದು ಕಪ್ಪು ಚುಕ್ಕೆ. ಗುರಿ ಹಿಡಿಯಬಾರದು, ಚುಕ್ಕೆ ನೋಡುತ್ತ ಎತ್ತಿ ಹೊಡೆಯಬೇಕು, ಅಷ್ಟೆ. ನಾಲ್ಕು ತೋಟಾ ಹೊಡೆದೆ. ನಾಲ್ಕು ಸಲವೂ ಚರೆಗಳೆಲ್ಲ ಚುಕ್ಕೆಯಿಂದ ಒಂದು ಗೇಣು ಕೆಳಗೆ, ಎಡಕ್ಕೆ ಹೋಗಿ ಸುಣ್ಣ ಕಿತ್ತಿದ್ದವು. “ನೋಡು, ನಿನ್ನ ಕಣ್ಣಿನ ತಪ್ಪಲ್ಲ. ನೀನು ನೋಡಿದ್ದು ಒಂದು ಕಡೆ, ಅದು ಹೋಗಿದ್ದು ಒಂದು ಕಡೆ. ಮರ ಗಿಡ್ಡ ಆಗಿದೆ ನಿಂಗೆ” ಎಂದರು.

ಆಗ ನಾನು, “ಅಪ್ಪಂಗೂ ನಂಗೂ ತೋಳು ಒಂದೇ ಉದ್ದ. ಅವರಿಗೆ ಹೇಗೆ ಸರಿಹೋಗ್ತಿತ್ತು?” ಎಂದೆ.

ಮುದುಕರು ನನ್ನ ಮುಖ ನೋಡಿದರು. ಒಳಗೆ ಹೋಗಿ, ಬಂದೂಕಿನ ಹಿಂಬದಿಯ ರಬ್ಬರು ಮೆತ್ತೆಯ ಎರಡು ತಿರುಪು ಬಿಚ್ಚಿದರು. ಮೆತ್ತೆ ಕೈಗೆ ಬಂತು. ಅದರಡಿ ಬಣ್ಣ ಕಾಣದ ಬೋಳು ಮರ. ಮರದ ಮೇಲೆ ಪೆನ್ಸಿಲಿನ ಅಕ್ಷರ. ಅವರದೇ ಕೈಬರಹ. ಯಾರ ಅಳತೆಗೆ ಕತ್ತರಿಸಿದರೂ ಒಳಗೆ ಬರೆದಿಡುವುದು ಅವರ ಪದ್ಧತಿಯಂತೆ.

‘ಮಗಳ ಅಳತೆ. ಹದಿಮೂರೂಕಾಲು.’ ಕೆಳಗೆ ತಾರೀಖು. ಇಪ್ಪತ್ತೊಂದು ವರ್ಷದ ಹಿಂದಿನ ಚಳಿಗಾಲದ ಪಂದ್ಯಕ್ಕೆ ಎಂಟು ದಿನ ಮುಂಚಿನದು.

“ಒಂದು ಕೋಲು ಹಿಡ್ಕೊಂಡು ಬಂದ್ರು ನಿಮ್ಮಪ್ಪ” ಎಂದು ಶುರು ಮಾಡಿದರು ಮುದುಕರು. “‘ಬೆರಳಿಡೋ ಕುದುರೆಯಿಂದ ಹಿಂದಕ್ಕೆ ಈ ಕೋಲಿನಷ್ಟು ಇರ್ಲಿ, ಮಿಕ್ಕಿದ್ದು ಕತ್ತರಿಸಿ’ ಅಂದ್ರು. ಕೋಲನ್ನ ಆ ಹುಡುಗಿ ಭುಜಕ್ಕೆ ಹಿಡಿಸಿ, ಆಟ ಅಂತ ಹೇಳಿ, ಗೊತ್ತಾಗದ ಹಾಗೆ ಅಳೆದಿದ್ರಂತೆ. ನಾನಂದೆ, ‘ಸ್ವಾಮಿ, ಕತ್ತರಿಸಿದ್ರೆ ನಿಮಗೆ ಆಗಲ್ಲ. ಬೇರೆ ಮರ ಮಾಡಿಕೊಡ್ತೀನಿ, ಎರಡು ತಿಂಗಳು ಕೊಡಿ.’ ‘ಎಂಟು ದಿನಕ್ಕೆ ಪಂದ್ಯ ಇದೆ. ನಾನು ಹೊಡೆದಿದ್ದು ಸಾಕು, ಇನ್ಮೇಲೆ ಇದು ಅವಳದ್ದು’ ಅಂದ್ರು. ಒಂದೂಕಾಲು ಅಂಗುಲ ತೆಗೆದೆ. ಪೆಟ್ಟಿಗೇಲಿಟ್ಟು, ಮಗೂನ ಎತ್ಕೊಂಡ ಹಾಗೆ ಎತ್ಕೊಂಡು ಹೋದ್ರು.”

“ಆಮೇಲೆ?” ನಿನ್ನ ಅತ್ತಿಗೆ ಕೇಳಿದಳು.

“ಪಂದ್ಯದ ದಿನ ಒಬ್ಬರೇ ಬಂದ್ರು. ಇಪ್ಪತ್ತೆರಡು, ಇಪ್ಪತ್ಮೂರು ಹೊಡೀತಿದ್ದ ಮನುಷ್ಯ, ಅವತ್ತು ಹನ್ನೊಂದು. ‘ಮಗಳೆಲ್ಲಿ?’ ಅಂದೆ. ‘ಅವಳಿಗೆ ಇದೆಲ್ಲ ಬೇಡವಂತೆ’ ಅಂದ್ರು. ‘ಹಾಗಾದ್ರೆ ಕತ್ತರಿಸಿದ ತುಂಡು ಇಲ್ಲೇ ಇದೆ, ಕೂರಿಸಿ ಕೊಡ್ತೀನಿ’ ಅಂದ್ರೆ, ‘ಈಗ ಬೇಡ, ನಾಳೆ ಅವಳು ಬಂದ್ರೆ ನೀವು ಮತ್ತೆ ಕತ್ತರಿಸಬೇಕಲ್ಲ’ ಅಂದ್ರು. ಪ್ರತಿ ವರ್ಷ ಕೇಳ್ದೆ ಅಮ್ಮಾ. ಪ್ರತಿ ವರ್ಷ ಅದೇ ಮಾತು. ತುಟಿ ಒಡ್ಕೊಂಡು ಇದರಲ್ಲೇ ಹೊಡೆದ್ರು. ನಿಮಗೆಲ್ಲ ಗೊತ್ತಿದೆ ಅಂದ್ಕೊಂಡಿದ್ದೆ ನಾನು.”

ನಮಗೆ ಗೊತ್ತಿರಲಿಲ್ಲ. ಅಪ್ಪನಿಗೆ ವಯಸ್ಸಾಯಿತು, ಕಣ್ಣು ಹೋಯಿತು ಅಂದುಕೊಂಡಿದ್ದೆವು. ಕ್ಲಬ್ಬಿನಲ್ಲಿ ಅವರಿಗೆ ‘ಮೋಡದ ಬೇಟೆಗಾರರು’ ಎಂದು ಹೆಸರಿಟ್ಟಿದ್ದರು. ಬಿಲ್ಲೆ ಬಿಟ್ಟು ಮೋಡಕ್ಕೆ ಹೊಡೆಯುತ್ತಾರೆ ಎಂದು. ಊಟಕ್ಕೆ ಕೂತಾಗ ನಾನೂ ಕೇಳುತ್ತಿದ್ದೆ, “ಏನಪ್ಪಾ, ಇವತ್ತು ಎಷ್ಟು ಮೋಡ ಬಿತ್ತು?” ಅವರು ತಟ್ಟೆ ನೋಡಿಕೊಂಡು ಒಂದೇ ಪಕ್ಕದ ಹಲ್ಲಿನಿಂದ ಅಗಿಯುತ್ತಿದ್ದರು. ತುಟಿ ನೋಯುತ್ತಿತ್ತೆಂದು ನಿನ್ನೆ ಗೊತ್ತಾಯಿತು.

ಮುದುಕರು ಕೊನೆಗೆ ಕೇಳಿದರು. “ಈಗ ಹೇಳು ತಮ್ಮಾ. ನಿನ್ನ ಅಳತೆಗೆ ಮಾಡೋದಾದ್ರೆ ತುಂಡು ಸೇರಿಸ್ಬೇಕು, ಬಿಸಿ ಎಣ್ಣೆ ಕುಡಿಸಿ ಮರಾನ ಬಲಕ್ಕೆ ಬಗ್ಗಿಸ್ಬೇಕು. ಹಳೇ ಮರ, ಒಂದು ಸಲ ಬಗ್ಗುತ್ತೆ. ಮತ್ತೆ ಹಿಂದಕ್ಕೆ ತರೋಕೆ ಹೋದ್ರೆ ಸೀಳುತ್ತೆ. ಮಾಡ್ಲಾ?”

ನಾನು ಗೋಡೆಯ ಮೇಲಿನ ಅರಗಳನ್ನು ಎಣಿಸುತ್ತಿದ್ದೆ. ಹದಿನೇಳಿದ್ದವು.

“ಕೈ ಹಚ್ಚಬೇಡಿ” ಎಂದಳು ನಿನ್ನ ಅತ್ತಿಗೆ. ಮುದುಕರು ಮೆತ್ತೆ ಇಟ್ಟು ತಿರುಪು ಬಿಗಿದರು.

ಹಾಗಾಗಿ ತಂಗಿ, ಬಂದೂಕು ನಿನ್ನದು. ಅಪ್ಪ ನಿನಗೆ ಬೇಡವೆನ್ನಲಿಲ್ಲ. ಹದಿನೇಳರ ಹುಡುಗಿಯ ಅಳತೆ ಮೂವತ್ತೆಂಟರ ಭುಜಕ್ಕೆ ಸರಿಬರುತ್ತದೋ ಇಲ್ಲವೋ, ಮುದುಕರೇ ನೋಡಿ ಹೇಳಬೇಕು. ನೀನು ಹೂಂ ಎಂದರೆ ಪರವಾನಗಿಯ ಕಾಗದಗಳನ್ನು ನಿನ್ನ ಹೆಸರಿಗೆ ಮಾಡಿಸಲು ನಾನೇ ಓಡಾಡುತ್ತೇನೆ. ಬೇಡವೆಂದರೆ ಅದು ಹಾಗೇ ಪೆಟ್ಟಿಗೆಯಲ್ಲಿರುತ್ತದೆ. ಯಾರೂ ಮುಟ್ಟುವುದಿಲ್ಲ.

ಆರೋಗ್ಯ ನೋಡಿಕೋ. ಚಳಿಗೆ ನಿನಗೆ ಕೆಮ್ಮು ಹತ್ತುತ್ತದೆ, ಬಿಸಿನೀರು ಕುಡಿ. ನಿನ್ನ ಮನೆಯವರಿಗೆ ನಮಸ್ಕಾರ ತಿಳಿಸು. ನೂರು ಕಾಲ ಸುಖವಾಗಿರು.

ನಿನ್ನ
ಅಣ್ಣ

ಮತ್ತೊಂದು ಮಾತು. ಇದನ್ನು ಮೇಲೆಯೇ ಬರೆಯಬೇಕಿತ್ತು, ಎರಡು ಹಾಳೆ ದಾಟಿದರೂ ಬರೆಯಲಿಲ್ಲ. ಅಪ್ಪ ನಿನ್ನನ್ನು ಬರಬೇಡ ಎಂದಿರಲೇ ಇಲ್ಲ. ಹಾಗೆಂದು ನಿನಗೆ ಬಂದು ಹೇಳಿದವನು ನಾನು. “ಅಷ್ಟು ಗಂಡಸರ ನಡುವೆ ನೀನು ಬಂದೂಕು ಹಿಡಿದು ನಿಲ್ಲೋದು ಅಪ್ಪಂಗೆ ನಾಚಿಕೆಯಂತೆ” ಎಂದೆ. ಅದೇ ಸಂಜೆ ಅಪ್ಪ ಪೆಟ್ಟಿಗೆ ಹಿಡಿದು ಮೆಟ್ಟಿಲು ಹತ್ತುವಾಗ, “ಅವಳಿಗೆ ಇದೆಲ್ಲ ಬೇಡವಂತೆ, ಕೇಳಿ ಬೇಜಾರು ಮಾಡಬೇಡಿ” ಎಂದೆ. ಆ ಪೆಟ್ಟಿಗೆಯಲ್ಲಿ ಏನಿತ್ತೆಂದು ನನಗೆ ಗೊತ್ತಿರಲಿಲ್ಲ. ಹಿಂದಿನ ಭಾನುವಾರ ನಿನಗಾಗದ ಉದ್ದದ ಬಂದೂಕಿನಲ್ಲೇ ನೀನು ಹತ್ತೊಂಬತ್ತು ಒಡೆದಿದ್ದೆ, ನಾನು ಹನ್ನೆರಡು. ಎಲ್ಲರೂ ನಕ್ಕಿದ್ದರು. ಕಾರಣ ಅಷ್ಟೇ. ನಾಲ್ಕು ದಿನದಲ್ಲಿ ನೀವಿಬ್ಬರೂ ಮಾತಾಡಿಕೊಳ್ಳುತ್ತೀರಿ, ನನಗೆ ಬೈಗುಳ ಬೀಳುತ್ತದೆ ಎಂದು ಕಾಯುತ್ತಿದ್ದೆ. ನೀನೂ ಕೇಳಲಿಲ್ಲ, ಅವರೂ ಕೇಳಲಿಲ್ಲ.

ನಿನ್ನೆ ಶೆಡ್ಡಿನಿಂದ ಮನೆಯವರೆಗೂ ನಿನ್ನ ಅತ್ತಿಗೆ ಪೆಟ್ಟಿಗೆಯನ್ನು ತಾನೇ ಹಿಡಿದುಕೊಂಡು ಬಂದಳು. ಇವತ್ತು ಬೆಳಿಗ್ಗೆ ಎದ್ದ ಕೂಡಲೇ, “ಬೇಡವಂತೆ ಅಂತ ಮಾವನವರಿಗೆ ಹೇಳಿದ್ದು ಯಾರು?” ಎಂದು ಕೇಳಿದಳು. ಹೇಳಿದೆ. ನಾನು ಮೈದಾನಕ್ಕೆ ಹೋಗಿ ಪಂದ್ಯದ ಪಟ್ಟಿಯಿಂದ ನನ್ನ ಹೆಸರು ಹೊಡೆದುಹಾಕಿಸಿ ಬಂದೆ. ಬರುವಷ್ಟರಲ್ಲಿ ಅವಳು ಒಂದೇ ಲೋಟ ಚಹಾ ಮಾಡಿಕೊಂಡು, ಕಿಟಕಿ ಕಡೆ ಮುಖ ಮಾಡಿ ಕುಡಿಯುತ್ತಿದ್ದಳು.