ನೀನು ಗಾರೆ ಮಾಡಿದ ಗೋಡೆಗೆ ನನ್ನ ದೀಪ

ಅಪ್ಪಾ,

ಕಣ್ಣು ಮಂಜಾಯ್ತು, ಕೊನೇ ಗೋಡೆ ಕೆಡಿಸಿಬಿಟ್ಟೆ ಅಂತ ಗಾರೆ ಸವರೋ ಕರಣೆ ಅಟ್ಟಕ್ಕೆ ಹಾಕಿ ಕೂತಿದ್ದೀಯಲ್ಲ, ಇವತ್ತು ಅದೇ ಗೋಡೆಗೆ ನಾನು ಕರೆಂಟ್ ದೀಪ ಕೂರಿಸಿದೆ. ದೀಪದ ಮೇಲೆ ಹೂವಿಲ್ಲ, ಬಳ್ಳಿಯಿಲ್ಲ, ಬರೀ ಒಂದು ತ್ರಿಕೋನ. ಅದರ ಬೆಳಕು ಗೋಡೆ ಸವರಿಕೊಂಡೇ ಹೋಗುತ್ತೆ. ಗಾರೆ ಕೂದಲೆಳೆಯಷ್ಟು ಉಬ್ಬಿದ್ರೂ ನೆರಳು ಬಿದ್ದು ಮಾನ ಹರಾಜು.

ಸ್ವಿಚ್ ಒತ್ತೋಕೆ ನನಗೆ ಧೈರ್ಯ ಬರಲಿಲ್ಲ, ಆ ಮನೆ ಯಜಮಾನಿಯಮ್ಮನೇ ಒತ್ತಿದ್ರು. ಒಂದೂ ನೆರಳಿಲ್ಲಪ್ಪಾ! ಅವರು ಗೋಡೆ ಮೇಲೆ ಅಂಗೈ ಆಡಿಸಿ, "ಯಾರ ಕೈಕೆಲಸ ಇದು?" ಅಂದ್ರು. "ನಮ್ಮಪ್ಪಂದು" ಅಂತ ಬೀದಿಗೆಲ್ಲ ಕೇಳೋ ಹಾಗೆ ಹೇಳಿದೆ.

ಮಹಡಿ ಗೋಡೆಗಳೂ ನೀನೇ ಮಾಡಬೇಕಂತೆ. ಸೋಮವಾರ ಕರಣೆ ತಗೊಂಡು ಬಾ. ಕಣ್ಣು ಕಾಣದಿದ್ರೆ ನಾನು ಪಕ್ಕದಲ್ಲೇ ದೀಪ ಹಿಡ್ಕೊಂಡು ನಿಲ್ತೀನಿ, ಕದಲದೆ.

ಇಂತಿ, ಕಾಲಿಗೆ ಚಕ್ರ ಕಟ್ಕೊಂಡವನು ಅಂತ ನೀನು ಬೈಯೋ
ನಿನ್ನ ಮಗ